ಲೋಗೋ ತಿರುಗಿ ತಿರುಗಿ ಕೊನೆಗೆ ಎಮರ್ಜೆನ್ಸಿ ಮೋಡ್: ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಸರ್, ಚಾಮರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಸಿಸ್ಟಂನಲ್ಲಿ ವಿಂಡೋಸ್ ಬದಲು ಉಬುಂಟು (ಲಿನಕ್ಸ್) ಇದೆ. ಬೆಳಿಗ್ಗೆ ಆನ್ ಮಾಡಿದರೆ ಲೋಗೋ ಒಂದೂವರೆ ನಿಮಿಷ ಸುಮ್ನೆ ತಿರುಗಿತು. ಆಮೇಲೆ ಕಪ್ಪು ಪರದೆ, ‘ಎಮರ್ಜೆನ್ಸಿ ಮೋಡ್’ ಅಂತ ಬಂತು. ಮೂರು ಮದುವೆ ಕಾರ್ಡಿನ ಫೈಲ್ ಒಳಗಿವೆ. ಫಾರ್ಮ್ಯಾಟ್ ಮಾಡಲೇಬೇಕು ಅಂತಾರೆ ಪಕ್ಕದವರು. ಹೌದಾ?

ಉತ್ತರ: ಫಾರ್ಮ್ಯಾಟ್ ಮಾತ್ರ ಬೇಡ ಮೇಡಂ. ಎಸ್‌ಪಿ ರಸ್ತೆಯಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಇಂಥವು ಬರ್ತಾನೇ ಇರುತ್ತವೆ. ಎಲ್ಲರೂ ಕೊನೆಯ ಸಾಲಿನ ಫೋಟೋ ತೋರಿಸುತ್ತಾರೆ. ಮೊದಲು ಕೆಟ್ಟಿದ್ದು ಯಾವುದು ಅನ್ನೋದು ಮೇಲೆಲ್ಲೋ ಇರುತ್ತದೆ.

ರೀಸ್ಟಾರ್ಟ್ ಮಾಡಿ, ಲೋಗೋ ಬಂದ ಕೂಡಲೇ ಎಸ್ಕೇಪ್ ಒತ್ತಿ. ಲೋಗೋ ಸರಿದು ಸಾಲುಗಳು ಕಾಣುತ್ತವೆ. ಎಮರ್ಜೆನ್ಸಿ ಮೋಡಿಗೆ ಬಂದ ಮೇಲೆ ಎಂಟರ್ ಒತ್ತಿ, ಪಾಸ್‌ವರ್ಡ್ ಕೇಳಿದರೆ ಕೊಡಿ. ಆ ಪರದೆಯಲ್ಲೇ ‘ಜರ್ನಲ್‌ಸಿಟಿಎಲ್’ ಅನ್ನೋ ಕಮಾಂಡ್ ಬರೆದಿರುತ್ತದೆ, ಅದನ್ನೇ ಹಾಗೇ ಟೈಪ್ ಮಾಡಿ. ಸಿಸ್ಟಂ ಶುರುವಾಗುವಾಗ ಏನೇನಾಯ್ತು ಅನ್ನೋ ದಾಖಲೆ ಸಾಲುಸಾಲಾಗಿ ಬರುತ್ತದೆ. ಕೆಂಪು ಸಾಲೆಲ್ಲ ಎರರ್. ಆದರೆ ಬಣ್ಣಕ್ಕಿಂತ ಎಡಗಡೆಯ ಗಂಟೆ ನೋಡಿ. 10:14:07 ಆದ ಮೇಲೆ ಮುಂದಿನ ಸಾಲು 10:15:37 ಅಂತಿದ್ದರೆ, ಆ 90 ಸೆಕೆಂಡು ಅದು ಯಾವುದಕ್ಕೋ ಕಾಯುತ್ತಾ ಕೂತಿತ್ತು. ಅಲ್ಲಿನ ಸಾಲು ನನಗೆ ಬೇಕು. ‘ಐ/ಒ ಎರರ್’ (ಡಿಸ್ಕಿನಲ್ಲಿ ಓದೋಕೆ, ಬರೆಯೋಕೆ ಆಗ್ತಿಲ್ಲ ಅಂತ ಅರ್ಥ) ಅಂತ ಮತ್ತೆ ಮತ್ತೆ ಕಂಡರೆ ಮಾತ್ರ ಏನೂ ಮುಟ್ಟದೆ ಆಫ್ ಮಾಡಿ ತನ್ನಿ. ಡಿಸ್ಕ್ ಸಾಯ್ತಿರಬಹುದು, ಮೊದಲು ಡೇಟಾ ತೆಗೆಯೋಣ.

ಪ್ರಶ್ನೆ: ಐ/ಒ ಎಲ್ಲೂ ಇಲ್ಲ ಸರ್. ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್’ ಅಂತಿದೆ, ಜೊತೆಗೆ ಉದ್ದದ ಒಂದು ನಂಬರು. ಅದರ ಕೆಳಗೆ ‘ಡಿಪೆಂಡೆನ್ಸಿ ಫೇಲ್ಡ್’ ಅಂತ ಎರಡು ಮೂರು ಸಾಲು. ಅಯ್ಯೋ, ನಿನ್ನೆ ರಾತ್ರಿ ನನ್ನ ತಮ್ಮ ಬ್ಯಾಕಪ್‌ನ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಹೋಗಿದ್ದ!

ಉತ್ತರ: ಅದೇ ಮೇಡಂ. ಆ ನಂಬರು ಡಿಸ್ಕಿನ ಗುರುತು. ಇಲ್ಲದ ಡಿಸ್ಕಿಗೆ ಸಿಸ್ಟಂ ಕಾಯುತ್ತಿದೆ, ಕೆಳಗಿನ ‘ಡಿಪೆಂಡೆನ್ಸಿ’ ಸಾಲೆಲ್ಲ ಅದರಿಂದಲೇ ಬಂದವು. ಯಾವ ಯಾವ ಡಿಸ್ಕ್ ಜೋಡಿಸಬೇಕು ಅನ್ನೋ ಪಟ್ಟಿ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ (/etc/fstab) ಫೈಲಿನಲ್ಲಿರುತ್ತದೆ. ಅದನ್ನು ನ್ಯಾನೋ (nano) ಅನ್ನೋ ಎಡಿಟರಿನಲ್ಲಿ ತೆರೆದು, ಅದೇ ನಂಬರಿರುವ ಸಾಲಿನ ಮುಂದೆ # ಹಾಕಿ. ಆಗ ಸಿಸ್ಟಂ ಆ ಸಾಲನ್ನು ಓದದೆ ಬಿಡುತ್ತದೆ. ಒಂದೊಂದು ಅಕ್ಷರವನ್ನೂ ಹೊಂದಿಸಿ ನೋಡಿ. ಬೇರೆ ಸಾಲಿಗೆ ಹಾಕಿದರೆ ತೊಂದರೆ ಜಾಸ್ತಿಯಾಗುತ್ತದೆ. ಸೇವ್ ಮಾಡಿ ರೀಸ್ಟಾರ್ಟ್ ಮಾಡಿ.

ಪ್ರಶ್ನೆ: ಬಂತು ಸರ್! ಕಾರ್ಡ್ ಫೈಲ್ ಮೂರೂ ಇವೆ. ತಮ್ಮ ಡಿಸ್ಕ್ ವಾಪಸ್ ತಂದರೆ?

ಉತ್ತರ: ಹಾಕಿ, # ತೆಗೆಯಿರಿ. ಅದೇ ಸಾಲಿನ ‘ಡಿಫಾಲ್ಟ್ಸ್’ ಪಕ್ಕ ಒಂದು ಕಾಮಾ ಹಾಕಿ ‘ನೋಫೇಲ್’ (nofail) ಅಂತ ಇಂಗ್ಲಿಷಿನಲ್ಲಿ ಸೇರಿಸಿ. ಇನ್ನು ಮುಂದೆ ಡಿಸ್ಕ್ ಇಲ್ಲದಿದ್ದರೂ ಸಿಸ್ಟಂ ಎದ್ದೇಳುತ್ತದೆ.