ಅಂಗಳದ ಕೊಳದಲ್ಲಿ ಮೀನು ಕಾಣೆಯಾಗ್ತಿದೆ: ಹಕ್ಕಿಯೋ, ಹಾವೋ? ಎಂಥ ಬಲೆ ಹಾಕಬೇಕು?

ತೋಟದಮನೆ ಕೇಳಿದ್ದು:

ಪುತ್ತೂರಿನ ಹತ್ತಿರ, ಅಡಿಕೆ ತೋಟಕ್ಕೆ ತಾಗಿಕೊಂಡ ಮನೆ. ಅಂಗಳದ ಸಿಮೆಂಟ್ ಕೊಳ 10 ಅಡಿ ಉದ್ದ, 6 ಅಡಿ ಅಗಲ, ನೀರು 2 ಅಡಿ. ಒಂದು ಬದಿಗೆ ಕುಂಡ ಇಡಲು 8 ಇಂಚು ಆಳದ ಮೆಟ್ಟಿಲಿದೆ. ನೀರು ಅಂಚಿನಿಂದ 3 ಇಂಚು ಕೆಳಗೆ. ತಾವರೆ ಕುಂಡ ಎರಡು. ಉಳಿದಂತೆ ಮುಕ್ಕಾಲು ಭಾಗ ಅಂತರಗಂಗೆ ಹಬ್ಬಿದೆ. ಮೂರು ನಾಲ್ಕು ಇಂಚಿನ ಗೋಲ್ಡ್ ಫಿಶ್ 22, ಏಳು ಇಂಚಿನ ಕೋಯಿ (ಬಣ್ಣದ ಅಲಂಕಾರಿಕ ಮೀನು) 5 ಇದ್ದವು. ಮೂರೇ ವಾರದಲ್ಲಿ ಗೋಲ್ಡ್ ಫಿಶ್ 9ಕ್ಕೆ ಇಳಿದಿದೆ. ಸತ್ತ ಮೀನು ಒಂದೂ ತೇಲಿಲ್ಲ. ಒಂದು ಕೋಯಿಯ ಬೆನ್ನಲ್ಲಿ ಹುರುಪೆ ಎದ್ದು ಗಾಯವಾಗಿದೆ. ಉಳಿದವು ಆಹಾರ ಹಾಕಿದರೂ ಮೇಲೆ ಬರ್ತಿಲ್ಲ. ಅಂಗಡಿಯಲ್ಲಿ ತೆಳು ನೈಲಾನ್ ಬಲೆ ಹಾಸಿ, ಸುತ್ತ ಫಿನಾಯಿಲ್ ಸುರೀರಿ ಅಂದರು. ಹಾಗೆ ಮಾಡಬಹುದಾ? ಯಾವ ಜೀವವನ್ನೂ ಕೊಲ್ಲುವ ಮನಸ್ಸಿಲ್ಲ.

ಕೆರೆಯಂಚು:

ಎರಡೂ ಬೇಡ. ಫಿನಾಯಿಲ್‌ಗೆ ಹಾವು ಹೆದರಲ್ಲ. ಒಂದು ಮಳೆಗೆ ಅದು ಕೊಳಕ್ಕಿಳಿದರೆ ಸಾಯೋದು ನಿಮ್ಮ ಮೀನೇ. ಗಂಧಕ, ಬೆಳ್ಳುಳ್ಳಿ ನೀರಿಂದಲೂ ಹಾವು ದೂರ ಹೋಗಲ್ಲ. ತೆಳು ನೈಲಾನ್ ಬಲೆ ಇನ್ನೂ ಅಪಾಯ. ಹಾವು ಅದರೊಳಗೆ ತಲೆ ತೂರಿಸಿದರೆ ಮುಂದೆ ಹೋಗುತ್ತೆ, ಹಿಂದೆ ಬರಕ್ಕಾಗಲ್ಲ, ಹೊಟ್ಟೆಯ ಹುರುಪೆಗೆ ದಾರ ಸಿಕ್ಕಿಕೊಳ್ಳುತ್ತೆ. ಎಳೆದಷ್ಟೂ ಬಿಗಿಯಾಗಿ ಬಿಸಿಲಲ್ಲೇ ಸಾಯುತ್ತೆ. ಮಿಂಚುಳ್ಳಿಯ ರೆಕ್ಕೆಗೂ ಅದೇ ಗತಿ.

ಮೊದಲು ಕಳ್ಳ ಯಾರು ಅಂತ ಗೊತ್ತಾಗಬೇಕು. ಏಳಿಂಚಿನ ಕೋಯಿ ಬೆನ್ನಿಗೆ ಗಾಯ, ಸಣ್ಣ ಮೀನು ಗುರುತಿಲ್ಲದೆ ಮಾಯ: ಇದು ಬಕದ ಲಕ್ಷಣ. ಮೂರು ನಾಲ್ಕು ಇಂಚಿನದನ್ನು ಹಾಗೇ ನುಂಗುತ್ತೆ. ದೊಡ್ಡದನ್ನು ತಿವಿದು, ಎತ್ತಲಾಗದೆ ಬಿಡುತ್ತೆ. ಅಂಚಿನ ಕಲ್ಲಿನ ಮೇಲೆ ಸುಣ್ಣ ಚೆಲ್ಲಿದಂಥ ಹಿಕ್ಕೆ ಇದೆಯಾ ನೋಡಿ. ಮಿಂಚುಳ್ಳಿಯಾದರೆ ಹಿಕ್ಕೆ ಕರೆಂಟ್ ತಂತಿ ಅಥವಾ ಬೇಲಿ ಕಂಬದ ಕೆಳಗಿರುತ್ತೆ, ಅದು ಹೊತ್ತೊಯ್ಯೋದು ಎರಡು ಮೂರು ಇಂಚಿನ ಒಳಗಿನದನ್ನು. ಬೆಕ್ಕು ತಿಂದರೆ ಸಾಮಾನ್ಯವಾಗಿ ತಲೆಯೋ ಹುರುಪೆಯೋ ಅಂಚಲ್ಲಿ ಬಿದ್ದಿರುತ್ತೆ. ಒಳ್ಳೆ ಹಾವು (ನೀರುಹಾವು) ಏನೂ ಉಳಿಸಲ್ಲ, ಗಾಯ ಮಾಡಿ ಬಿಡೋದೂ ಅಪರೂಪ.

ಇನ್ನೊಂದು ಕಾರಣ ನೀವೇ ಬರೆದಿದ್ದೀರಿ: ಮುಕ್ಕಾಲು ಭಾಗ ಅಂತರಗಂಗೆ. ಮುಚ್ಚಿದ ನೀರಿಗೆ ಗಾಳಿ ತಾಗಲ್ಲ, ರಾತ್ರಿ ಬೇರೂ ಮೀನೂ ಒಂದೇ ಆಮ್ಲಜನಕಕ್ಕೆ ಹೋರಾಡ್ತವೆ. ಬೆಳಗಿನ ಜಾವಕ್ಕೆ ಅದು ಅತಿ ಕಡಿಮೆ. ಆಗ ಮೀನು ಬಾಯಿ ಮೇಲೆ ಮಾಡಿ ತೇಲುತ್ತೆ, ಬಕ ಬರೋದೂ ಅದೇ ಹೊತ್ತಿಗೆ. ಅಂತರಗಂಗೆ ಮೂರನೇ ಒಂದು ಭಾಗಕ್ಕೆ ಇಳಿಸಿ. ನಿಮ್ಮದು ಸುಮಾರು 3400 ಲೀಟರ್ ನೀರು. ಎರಡು ಗಂಟೆಗೊಮ್ಮೆ ಪೂರ್ತಿ ತಿರುಗಲು ಗಂಟೆಗೆ 1700ರಿಂದ 2000 ಲೀಟರ್ ಎತ್ತುವ ಪಂಪ್ ಸಾಕು. ರಾತ್ರಿಯಂತೂ ಅದನ್ನು ನಿಲ್ಲಿಸಬೇಡಿ.

ಹೊಂಡ_ಹವ್ಯಾಸಿ:

ಅಂಚಿನ ಸುತ್ತ ಎರಡು ಸಾಲು ಹಗ್ಗ ಕಟ್ಟಿದರೆ ಸಾಲದೇ? ಆರು ಇಂಚು ಎತ್ತರಕ್ಕೊಂದು, ಒಂದು ಅಡಿಗೊಂದು. ಖರ್ಚು ತುಂಬಾ ಕಡಿಮೆ.

ಕೆರೆಯಂಚು:

ನಡೆದು ಬಂದು ನೀರಿಗಿಳಿಯುವ ಬಕಕ್ಕೆ ಹಗ್ಗ ತಡೆ. ಇಲ್ಲಿ ತಾವರೆ ಕುಂಡವೂ ಮೆಟ್ಟಿಲೂ ಇರೋದರಿಂದ ಅದು ನೇರ ಒಳಗೇ ಇಳಿಯುತ್ತೆ. ಮೀನು ಹಿಡಿಯಲು ಬಳಸುವ, ಕಣ್ಣಿಗೆ ಕಾಣದ ದಾರವನ್ನಂತೂ ಕಟ್ಟಲೇಬೇಡಿ, ಹಕ್ಕಿ ಹಾರಿ ಬಂದು ಬಡಿಯುತ್ತೆ; ಕಟ್ಟೋದಾದರೆ 3 ಮಿಲಿಮೀಟರ್ ಬಿಳಿ ಹಗ್ಗ. ಪ್ಲಾಸ್ಟಿಕ್ ಬಕ ನಿಲ್ಲಿಸೋದು ದಂಡ, ಇವು ಗದ್ದೆಯಲ್ಲಿ ಹತ್ತಾರು ಒಟ್ಟಿಗೇ ಮೇಯುವ ಹಕ್ಕಿಗಳು. ಹೊಳೆಯುವ ಸಿ.ಡಿ.ಗೆ ಕೆಲವೇ ದಿನದಲ್ಲಿ ಒಗ್ಗಿಕೊಳ್ತವೆ.

ತೋಟದಮನೆ:

ಈಗ ನೋಡಿದೆ, ತಾವರೆ ಕುಂಡದ ಅಂಚಲ್ಲೂ ಮೆಟ್ಟಿಲ ಮೇಲಿನ ಕಲ್ಲಲ್ಲೂ ಬಿಳಿ ಹಿಕ್ಕೆ ಇದೆ. ಪಂಪಿನ ಹತ್ತಿರದ ಕಲ್ಲಿನ ಸಂದಿಯಲ್ಲಿ ಒಳ್ಳೆ ಹಾವಿನ ಪೊರೆಯೂ ಸಿಕ್ಕಿತು! ಸುತ್ತಲೂ ಅರ್ಧ ಇಂಚಿನ ಕಬ್ಬಿಣದ ಜಾಲರಿ ಹಾಕಿದರೆ ಎರಡಕ್ಕೂ ಆಗುತ್ತಾ?

ಜಾಲರಿ_ಕೆಲಸ:

ಸುತ್ತ ಜಾಲರಿ ಬೇಡ, ನುಣುಪು ಹಾಳೆ ಬೇಕು. ಜಾಲರಿಯನ್ನು ಹಾವು ಏಣಿಯಂತೆ ಹತ್ತುತ್ತೆ. ಅಲ್ಲದೆ ಅರ್ಧ ಇಂಚಿನ ಕಣ್ಣಲ್ಲಿ ತೆಳು ಹಾವು ಒಳಗೆ ನುಸುಳಿ, ಮೀನು ನುಂಗಿ, ಹೊರಗೆ ಬರುವಾಗ ಹೊಟ್ಟೆ ಉಬ್ಬಿ ಅಲ್ಲೇ ಸಿಕ್ಕಿಬೀಳುತ್ತೆ. ಹಾವು ಮೈಯ ಮೂರನೇ ಒಂದು ಭಾಗದಷ್ಟು ನೆಟ್ಟಗೆ ಎದ್ದು ನಿಲ್ಲಬಲ್ಲದು ಅಂತ ಲೆಕ್ಕ ಹಿಡಿಯಿರಿ: ನಾಲ್ಕಡಿ ಹಾವಿಗೆ 16 ಇಂಚು. ನೆಲದಿಂದ 2 ಅಡಿ ನುಣುಪು ಗೋಡೆ ಇದ್ದರೆ ಹಿಡಿತ ಸಿಗಲ್ಲ.

ಕೊಳದ ಅಂಚಿನಿಂದ ಎಲ್ಲ ಕಡೆ 6 ಇಂಚು ಬಿಟ್ಟು 11 ಅಡಿಗೆ 7 ಅಡಿ ಚೌಕಟ್ಟು. ಒಂದು ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಚೌಕ ಪೈಪು: ಎರಡೂವರೆ ಅಡಿಯ 8 ಕಾಲು (ಅರ್ಧ ಅಡಿ ಕಾಂಕ್ರೀಟಿನೊಳಗೆ) 20 ಅಡಿ, ಮೇಲಿನ ಸುತ್ತು 36 ಅಡಿ, ಐದೂವರೆಗೆ ಏಳಡಿಯ ಎರಡು ಮುಚ್ಚಳ, ನಡುಪಟ್ಟಿ ಸೇರಿ 61 ಅಡಿ. ಒಟ್ಟು 117 ಅಡಿ, ಅಂದರೆ 20 ಅಡಿಯ 6 ಪೈಪು. ಪಿ.ವಿ.ಸಿ. ಪೈಪಲ್ಲಿ ಮಾಡಬೇಡಿ, ಏಳಡಿಗೆ ಬಳುಕಿ ಬಲೆ ಸಡಿಲಾಗುತ್ತೆ. ಹೊರಗೋಡೆಗೆ ಎರಡೂವರೆ ಅಡಿ ಅಗಲದ ಚಪ್ಪಟೆ ಹಾಳೆ 38 ಅಡಿ, ಅರ್ಧ ಅಡಿ ಮಣ್ಣೊಳಗೆ. ಹಾಳೆ ಕಾಲಿನ ಹೊರಬದಿಗೇ ಬರಲಿ, ಸ್ಕ್ರೂ ತಲೆ ಹೊರಗೆ ಚಾಚದಿರಲಿ.

ಮುಚ್ಚಳಕ್ಕೆ ಒಂದು ಇಂಚು ಕಣ್ಣಿನ ಗಂಟು ಹಾಕಿದ ದಪ್ಪ ಎಚ್.ಡಿ.ಪಿ.ಇ. (ಗಟ್ಟಿ ಪ್ಲಾಸ್ಟಿಕ್) ಬಲೆ. ಎಲ್ಲ ಕಡೆ ಅರ್ಧ ಅಡಿ ಹೆಚ್ಚು ಬಿಟ್ಟು ಕತ್ತರಿಸಿ, ಪೈಪಿಗೆ ಸುತ್ತಿ 4 ಇಂಚಿಗೊಂದು ಟೈ ಹಾಕಿ. ನಡುವೆ ಕೈಯೊತ್ತಿದರೆ 2 ಇಂಚಿಗಿಂತ ಹೆಚ್ಚು ಇಳಿಯಬಾರದು. ಬಲೆ ನೀರಿಗೆ ತಾಗಿ ಮಲಗಿದರೆ ಬಕ ಅದರ ಮೇಲೇ ನಿಂತು ಸಂದಿಯಲ್ಲಿ ತಿವಿಯುತ್ತೆ. ಹಸಿರು ನೆರಳು ಬಲೆ ಹಾಕಿದರೆ ತಾವರೆ ಹೂ ಬಿಡಲ್ಲ.

ಕೆಲಸಕ್ಕೆ ಮೊದಲು ಆ ಕಲ್ಲಿನ ರಾಶಿ ತೆಗೆಯಿರಿ, ಇಲ್ಲದಿದ್ದರೆ ಹಾವನ್ನು ಒಳಗಿಟ್ಟು ಬೀಗ ಹಾಕಿದಂತಾಗುತ್ತೆ. ಉದ್ದ ಕೋಲಿಂದ, ಬೂಟು ಹಾಕಿಕೊಂಡು. ಪುತ್ತೂರಿನ ತೋಟದಲ್ಲಿ ಕಲ್ಲಿನ ಸಂದಿಯಲ್ಲಿ ಇರೋದು ಒಳ್ಳೆ ಹಾವು ಮಾತ್ರವೇ ಅಲ್ಲ. ಒಳ್ಳೆ ಹಾವಿಗೆ ಮನುಷ್ಯರಿಗೆ ಅಪಾಯದ ವಿಷವಿಲ್ಲ, ಆದರೆ ಹಿಡಿದರೆ ತಪ್ಪದೆ ಕಚ್ಚುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕೊಲ್ಲೋದು ಅಪರಾಧ. ಕೊಳದ ಮೇಲೆ ರಾತ್ರಿ ದೀಪ ಉರಿಸ್ತಿದ್ದರೆ ಆರಿಸಿ: ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಈ ಗೋಡೆ ಕಪ್ಪೆಗಳನ್ನೂ ತಡೆಯುತ್ತೆ ಅನ್ನೋದೊಂದೇ ಬೇಸರ. ಹೊರಗೆ ಒಂದು ತೊಟ್ಟಿ ನೀರು, ಹತ್ತಿ ಇಳಿಯಲು ಓರೆ ಹಲಗೆ ಇಡಿ.

ತೋಟದಮನೆ:

ವೆಲ್ಡಿಂಗ್ ಮುಗಿಯಲು ಹತ್ತು ದಿನ ಬೇಕು. ಅಲ್ಲಿವರೆಗೆ? ಗಾಯದ ಕೋಯಿಗೆ?

ಕೆರೆಯಂಚು:

ಇವತ್ತೇ ತಾವರೆ ಕುಂಡಗಳನ್ನು ಅಂಚು ಮುಳುಗುವಷ್ಟು ಕೆಳಗಿಳಿಸಿ, ಮೆಟ್ಟಿಲ ಮೇಲೆ ಕಾಲೂರದಂತೆ ಇಟ್ಟಿಗೆಗಳನ್ನು ಓರೆಯಾಗಿ ಒತ್ತೊತ್ತಾಗಿ ನಿಲ್ಲಿಸಿ. ಆರು ಇಂಚಿನ ಪಿ.ವಿ.ಸಿ. ಪೈಪನ್ನು ಎರಡಡಿಯ ನಾಲ್ಕು ತುಂಡು ಮಾಡಿ, ಅಂಚು ಉಜ್ಜಿ, ತಳದಲ್ಲಿ ಕಲ್ಲಿನ ಭಾರಕ್ಕೆ ಕೂರಿಸಿ. ಎರಡು ಬಾಯಿಯೂ ತೆರೆದಿರಲಿ. ಬಕ, ಮಿಂಚುಳ್ಳಿಯಿಂದ ಮೀನು ಅದರಲ್ಲಿ ಬಚಾವ್. ಹಾವಿಗೆ ಮಾತ್ರ ಅದು ತಡೆಯಲ್ಲ, ಪೈಪಿನೊಳಗೇ ಹೋಗುತ್ತೆ.

ಕೋಯಿಯನ್ನು 100 ಲೀಟರ್ ಟಬ್ಬಿಗೆ ಕೊಳದ ನೀರಲ್ಲೇ ಹಾಕಿ, ಗಾಳಿ ಪಂಪ್ ಇಡಿ. ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ 300 ಗ್ರಾಂ ಕಲ್ಲುಪ್ಪು. ಒಮ್ಮೆಲೇ ಸುರಿಯದೆ ಕರಗಿಸಿ 100 ಗ್ರಾಂನಂತೆ ಒಂದು ದಿನದಲ್ಲಿ ಮೂರು ಸಲ. ದಿನಕ್ಕೆ 25 ಲೀಟರ್ ಬದಲಿಸಿ, ಹೊಸ ನೀರಿಗೆ 75 ಗ್ರಾಂ ಉಪ್ಪು. ಟಬ್ಬಿಗೆ ಬಿಗಿಯಾಗಿ ಬಲೆ ಕಟ್ಟಿ, ಕೋಯಿ ಎಗರುತ್ತೆ. ವಾರದಲ್ಲಿ ಗಾಯದ ಅಂಚು ಬಿಳಿಯಾಗಿ ಮುಚ್ಚಿಕೊಳ್ಳಬೇಕು. ಕೆಂಪು ಹರಡಿದರೆ ಅಥವಾ ಹತ್ತಿಯಂಥ ಬಿಳಿ ಬೂಷ್ಟು ಎದ್ದರೆ ಉಪ್ಪು ಸಾಲದು, ಮೀನಿನ ರೋಗ ಬಲ್ಲ ಪಶುವೈದ್ಯರಿಗೆ ತೋರಿಸಿ.

ಹೊಸ ಮೀನು ಈಗಲೇ ತರಬೇಡಿ. ಮುಚ್ಚಳ ಬಿದ್ದು, ಹಳೆಯವು ಹಗಲಲ್ಲಿ ಮೇಲೆ ಬಂದು ತಿನ್ನಲು ಶುರುಮಾಡಿದ ಮೇಲೆ ತನ್ನಿ.