42 ಎಚ್‌ಪಿ ಟ್ರ್ಯಾಕ್ಟರಿಗೆ ಹಿಂದಿನ ಬ್ಲೇಡ್ 6 ಅಡಿ ತಗೊಳ್ಳಲಾ, 7 ಅಡಿ ತಗೊಳ್ಳಲಾ?

ಮಸಾರಿ ಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ತಾಲ್ಲೂಕು. 42 ಎಚ್‌ಪಿ ಟ್ರ್ಯಾಕ್ಟರ್ ಇದೆ, ಟೂ ವೀಲ್ ಡ್ರೈವ್, ಹಿಂದಿನ ಟೈರ್ 13.6-28. ಹಿಂದೆ ಕಟ್ಟುವ ಬ್ಲೇಡ್ ಒಂದು ತಗೊಳ್ಳಬೇಕು. ಕೆಲಸ ಎರಡು ಇವೆ. ಟಾರ್ ರಸ್ತೆಯಿಂದ ತೋಟದ ಮನೆವರೆಗೆ ಸುಮಾರು 600 ಮೀಟರ್ ಮಣ್ಣು ದಾರಿ. ಪ್ರತಿ ಮಳೆಗಾಲ ನೀರು ಗಾಲಿ ಜಾಡಿನಲ್ಲೇ ಹರಿದು ಕೊರಕಲು ಬೀಳುತ್ತದೆ, ಅಡಿಕೆ ಗೊನೆ ಹೇರಿಕೊಂಡು ಬರುವಷ್ಟರಲ್ಲಿ ಟ್ರೈಲರ್ ಒಂದು ಕಡೆ ವಾಲಿ ಜೀವ ಹೋಗಿ ಬರುತ್ತದೆ. ಇನ್ನೊಂದು, ಮೂರು ಎಕರೆ ಮಸಾರಿ ಹೊಲಕ್ಕೆ ಅಡಿಕೆ ಸಸಿ ಇಡುವ ಮುಂಚೆ ಉಬ್ಬು ತಗ್ಗು ಸರಿ ಮಾಡಬೇಕು.

ವರ್ಕ್‌ಶಾಪಿನವರು 42 ಎಚ್‌ಪಿಗೆ 7 ಅಡಿ ಆರಾಮಾಗಿ ಎಳೆಯುತ್ತದೆ ಅಂತಾರೆ. ನಮ್ಮ ಚಿಕ್ಕಪ್ಪ 6 ಅಡಿ ಮೇಲೆ ಹೋಗಬೇಡ, ಟೈರ್ ನಿಂತಲ್ಲೇ ಸುತ್ತುತ್ತದೆ ಅಂತಾರೆ. ಹಳೇ 7 ಅಡಿ ಬ್ಲೇಡ್ ಒಂದು ಕಮ್ಮಿಗೆ ಸಿಗುತ್ತಿದೆ, ಆದರೆ ಪ್ಲೇಟ್ ತೆಳ್ಳಗೆ ಕಂಡಿತು. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಕುಲುಮೆ ಮನೆ:

ಅಣ್ಣಾ, ಇಬ್ಬರು ಹೇಳಿದ್ದೂ ಸರಿ. ಒಬ್ಬರು ದಾರಿ ಕೆಲಸ ನೆನೆಸಿಕೊಂಡು ಹೇಳಿದ್ದಾರೆ, ಇನ್ನೊಬ್ಬರು ಹೊಲದ ಕೆಲಸ ನೆನೆಸಿಕೊಂಡು.

ಮೊದಲು ಟೇಪ್ ಹಿಡಿದು ಹಿಂದಿನ ಎರಡು ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟಿದೆ ಅಳೆಯಿರಿ. ನಿಮ್ಮ ಸೈಜಿಗೆ ಐದೂವರೆ ಅಡಿ ಆಸುಪಾಸು ಬರುತ್ತದೆ. ನೇರವಾಗಿ ಎಳೆದರೆ 6 ಅಡಿ ಬ್ಲೇಡ್ ಅದನ್ನು ಮುಚ್ಚುತ್ತದೆ. ಆದರೆ ದಾರಿ ಕೆಲಸದಲ್ಲಿ ಬ್ಲೇಡನ್ನು ಓರೆ ಇಡಲೇಬೇಕು, ಅಂಚಿನ ಮಣ್ಣು ನಡುವಿಗೆ ಬರಬೇಕಲ್ವಾ. 30 ಡಿಗ್ರಿ ಓರೆ ಮಾಡಿದ ಕೂಡಲೇ 6 ಅಡಿ ಬ್ಲೇಡ್ ಮುಚ್ಚುವ ಅಗಲ 5 ಅಡಿ 2 ಇಂಚಿಗೆ ಇಳಿಯುತ್ತದೆ. ಆಗ ನಿಮ್ಮದೇ ಟೈರಿನ ಗುರುತು ಬ್ಲೇಡಿನ ಆಚೆ ಉಳಿದು, ಮುಂದಿನ ಮಳೆಗೆ ನೀರು ಮತ್ತೆ ಅಲ್ಲೇ ಹರಿಯುತ್ತದೆ. 7 ಅಡಿಯದು ಅದೇ ಓರೆಯಲ್ಲಿ 6 ಅಡಿಗೆ ಒಂಚೂರು ಮೇಲೆ ಮುಚ್ಚುತ್ತದೆ. 6 ಅಡಿಯದೇ ತಗೊಳ್ಳುವುದಾದರೆ ಪಕ್ಕಕ್ಕೆ ಸರಿಸಲು ಬರುವಂತೆ ತೂತು ಇರುವುದನ್ನು ನೋಡಿ ತಗೊಳ್ಳಿ. ಒಂದು ಗಾಲಿಯ ಗುರುತನ್ನಾದರೂ ಅಳಿಸಬಹುದು.

ಆ ಹಳೇ ಬ್ಲೇಡಿನ ವಿಷಯ. ಪ್ಲೇಟಿನ ಪಕ್ಕದ ಅಂಚಿಗೆ ಸ್ಕೇಲ್ ಹಿಡಿದು ದಪ್ಪ ನೋಡಿ. 7 ಅಡಿ ಉದ್ದ, ಒಂದೂವರೆ ಅಡಿ ಎತ್ತರ, 10 ಎಂಎಂ ದಪ್ಪ ಇದ್ದರೆ ಬರೀ ಪ್ಲೇಟೇ 76 ಕೆಜಿ ತೂಗುತ್ತದೆ. 6 ಎಂಎಂ ಆದರೆ 46 ಕೆಜಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಮೇಲಕ್ಕೆ ಎತ್ತುತ್ತದೆ ಅಷ್ಟೇ, ಕೆಳಕ್ಕೆ ಒತ್ತುವುದಿಲ್ಲ. ಬ್ಲೇಡ್ ನೆಲ ಕಚ್ಚಬೇಕಾದರೆ ಅದರ ಸ್ವಂತ ತೂಕವೇ ಆಗಬೇಕು. ಹಗುರ ಬ್ಲೇಡ್ ಗಟ್ಟಿ ದಾರಿಯ ಮೇಲೆ ಸುಮ್ನೆ ಜಾರಿಕೊಂಡು ಬರುತ್ತದೆ, ಅಗಲ ಜಾಸ್ತಿ ಆದಷ್ಟೂ ಇನ್ನೂ ಜಾರುತ್ತದೆ, ಯಾಕೆಂದರೆ ಅದೇ ತೂಕ ಇನ್ನೊಂದು ಅಡಿ ಅಂಚಿಗೆ ಹಂಚಿಹೋಗುತ್ತದೆ. ತಳದ ಕಟಿಂಗ್ ಪಟ್ಟಿ ಬೋಲ್ಟ್ ಬಿಚ್ಚಿ ಬದಲಿಸುವಂತೆ ಇರಬೇಕು. ಪ್ಲೇಟಿಗೇ ಬೆಸೆದಿದ್ದರೆ ಸವೆದ ದಿನ ಪೂರ್ತಿ ಬ್ಲೇಡ್ ಹೋಯಿತು ಅಂತಲೇ ಲೆಕ್ಕ.

ಎಡದಂಡೆ:

ನಾನು ಸಿಂಧನೂರು ಕಡೆಯವನು, ಎರೆ ಭೂಮಿ. ಮೇಲಿನವರು ಹೇಳಿದ ಅಗಲದ ಲೆಕ್ಕ ಸರಿ ಇದೆ. ಆದರೆ ಎಚ್‌ಪಿ ನೋಡಿ ಬ್ಲೇಡ್ ತಗೊಳ್ಳುವುದನ್ನು ಮೊದಲು ಬಿಡಿ, ಟ್ರ್ಯಾಕ್ಟರಿನ ತೂಕ ನೋಡಿ.

ಒಂದು ಲೆಕ್ಕ ಹೇಳುತ್ತೇನೆ. 42 ಎಚ್‌ಪಿಯಲ್ಲಿ ಎಳೆಯುವುದಕ್ಕೆ ಸಿಗುವುದು ಸುಮಾರು 25 ಎಚ್‌ಪಿ ಅಂತ ಇಟ್ಟುಕೊಳ್ಳಿ. ಗಂಟೆಗೆ 4 ಕಿಮೀ ವೇಗದಲ್ಲಿ ಅಷ್ಟು ಎಚ್‌ಪಿಗೆ 1,600 ಕೆಜಿಗೂ ಮೀರಿದ ಎಳೆತ ಬರುತ್ತದೆ. ಎಂಜಿನ್ನಿಗೆ ಆ ಶಕ್ತಿ ಇದೆ. ಟೈರಿಗೆ ಇದೆಯಾ? ಟ್ರ್ಯಾಕ್ಟರ್ 1,900 ಕೆಜಿ ಇದ್ದರೆ ಹಿಂದಿನ ಗಾಲಿ ಮೇಲೆ 1,200 ಚಿಲ್ಲರೆ ಇರುತ್ತದೆ. ಸಡಿಲ ಮಣ್ಣಿನಲ್ಲಿ ಟೈರ್ ಹಿಡಿಯುವುದು ಅದರ ಅರ್ಧ, ಅಂದರೆ 600 ಕೆಜಿ. ಅದಕ್ಕಿಂತ ಜಾಸ್ತಿ ಮಣ್ಣು ಬ್ಲೇಡಿಗೆ ಸಿಕ್ಕಿತೋ ಎಂಜಿನ್ ಸದ್ದು ಕೂಡ ಬದಲಾಗುವುದಿಲ್ಲ, ಗಾಲಿ ಮಾತ್ರ ಗುಂಡಿ ತೋಡಿಕೊಂಡು ನಿಂತುಬಿಡುತ್ತದೆ. ನಿಮ್ಮ ಚಿಕ್ಕಪ್ಪ ಇದನ್ನು ಕಣ್ಣಾರೆ ನೋಡಿಯೇ ಹೇಳಿದ್ದಾರೆ.

ಇದಕ್ಕೆ ಅಗ್ಗದ ದಾರಿ ಟೈರಿಗೆ ನೀರು ತುಂಬಿಸುವುದು. ಜಾಕ್ ಕೊಟ್ಟು, ವಾಲ್ವ್ ಮೇಲೆ ಬರುವಂತೆ ಗಾಲಿ ತಿರುಗಿಸಿ, ವಾಲ್ವ್ ಮಟ್ಟದವರೆಗೆ ನೀರು, ಮೇಲೆ ಗಾಳಿ. 13.6-28 ಟೈರಿಗೆ ಒಂದೊಂದಕ್ಕೆ 150ರಿಂದ 200 ಲೀಟರ್ ಹಿಡಿಯುತ್ತದೆ. ಎರಡೂ ಸೇರಿ 300 ಕೆಜಿ ಮೇಲಾಯಿತು, ಹಿಡಿತವೂ ಅದರ ಅರ್ಧದಷ್ಟು ಏರುತ್ತದೆ.

ಇನ್ನೊಂದು ಮಾತು. ಬ್ಲೇಡನ್ನು ಹಿಂದು ಮುಂದು ತಿರುಗಿಸಿಕೊಂಡು ರಿವರ್ಸಿನಲ್ಲಿ ಮಣ್ಣು ತಳ್ಳಬಹುದು, ಪೈಪಿನ ಕಾಲುವೆ ಮುಚ್ಚುವುದಕ್ಕೆ ಅನುಕೂಲ. ಆದರೆ ಸಡಿಲ ಮಣ್ಣಿಗೆ ಮಾತ್ರ. ನಾನು ಹೋದ ವರ್ಷ ಒಣಗಿದ ಬದುವಿಗೆ ರಿವರ್ಸಿನಲ್ಲಿ ಗುದ್ದಿದೆ. ಬ್ಲೇಡ್ ಕಟ್ಟುವ ಕೆಳಗಿನ ಎರಡು ತೋಳು ಇವೆಯಲ್ಲ, ಅದರಲ್ಲಿ ಎಡಗಡೆ ಲೋಯರ್ ಲಿಂಕ್ ಬಿಲ್ಲಿನ ಹಾಗೆ ಬಾಗಿತು. ಆ ಲಿಂಕ್ ಇರುವುದು ಎಳೆಯುವುದಕ್ಕೆ, ತಳ್ಳುವುದಕ್ಕಲ್ಲ. ನಾಟಿ ಹೊತ್ತಿನಲ್ಲಿ ನಾಲ್ಕು ದಿನ ಟ್ರ್ಯಾಕ್ಟರ್ ಮನೆಯಲ್ಲೇ ನಿಂತಿತ್ತು.

ಮಸಾರಿ ಹೊಲ:

ತುಂಬಾ ಉಪಕಾರ ಆಯಿತು. ಎಚ್‌ಪಿ ಬಿಟ್ಟು ಬೇರೆ ಲೆಕ್ಕ ಇದೆ ಅಂತ ಯಾರೂ ಹೇಳಿರಲಿಲ್ಲ. ಒಂದು ಸಂಶಯ. ತೂಕ ಬೇಕು ಅಂದರೆ ಬ್ಲೇಡಿನ ಮೇಲೇ ಎರಡು ಮರಳಿನ ಚೀಲ ಕಟ್ಟಿದರೆ ಆಗಲ್ವಾ? ಮತ್ತೆ ಮೂರು ಎಕರೆ ಹೊಲಕ್ಕೆ ಇದೇ ಬ್ಲೇಡ್ ಸಾಕಾ, ಲೇಸರ್ ಬೆಳಕಿನ ಗುರುತು ಹಿಡಿದು ಹೊಲ ಮಟ್ಟ ಮಾಡುವ ಲೇಸರ್ ಲೆವೆಲರ್ ತರಿಸಬೇಕಾ?

ಗೊನೆಗಾರ:

ಶಿವಮೊಗ್ಗ ಕಡೆ ಅಡಿಕೆ ಬೆಳೆಗಾರ ನಾನು. ಮರಳಿನ ಚೀಲ ಕಟ್ಟಬಹುದು, ನಾನೂ ಕಟ್ಟಿದ್ದೇನೆ. ಕಟ್ಟುವ ಮುಂಚೆ ಮುಂಭಾಗ ನೋಡಿಕೊಳ್ಳಿ. ಬ್ಲೇಡ್ ಎತ್ತಿ ದಿಬ್ಬ ಹತ್ತುವಾಗ ಸ್ಟೇರಿಂಗ್ ಹಗುರ ಅನ್ನಿಸಿದರೆ ಮುಂದಿನ ಗಾಲಿ ನೆಲ ಬಿಡುವ ಹಂತದಲ್ಲಿದೆ ಅಂತ ಅರ್ಥ. ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲೆ ಇರಬೇಕು. ಬಂಪರಿಗೆ ಹಾಕುವ ವೇಟ್ ಇದ್ದರೆ ಹಾಕಿಕೊಳ್ಳಿ.

ಹೊಲದ ವಿಷಯಕ್ಕೆ ಬಂದರೆ, ಭತ್ತದ ಗದ್ದೆಗೆ ಬೇಕಾದಂಥ ಮಟ್ಟ ಅಡಿಕೆಗೆ ಬೇಡ. ನೀರು ನಿಲ್ಲದೆ ಬಸಿದು ಹೋಗುವಷ್ಟು ಸರಿ ಇದ್ದರೆ ಸಾಕು, ಡ್ರಿಪ್ ಹಾಕುವುದಾದರೆ ಇನ್ನೂ ಸುಲಭ. ಲೇಸರಿಗೆ ದುಡ್ಡು ಹಾಕಬೇಡಿ. ಆದರೆ ಬ್ಲೇಡ್ ಹಾಕುವ ಮುಂಚೆ ಒಂದು ಸಾಲು ಕಲ್ಟಿವೇಟರ್ ಹೊಡೆಯಿರಿ. ಬ್ಲೇಡ್ ಇರುವುದು ಸಡಿಲ ಮಣ್ಣನ್ನು ಸಾಗಿಸುವುದಕ್ಕೆ, ಗಟ್ಟಿ ನೆಲ ಅಗೆಯುವುದಕ್ಕಲ್ಲ. ಮಳೆ ಬಿದ್ದು ಎರಡು ಮೂರು ದಿನ ಆರಿ, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಿ, ಬೆರಳಲ್ಲಿ ಒತ್ತಿದರೆ ಉದುರುತ್ತದಲ್ಲ, ಆ ಹದದಲ್ಲಿ ಮಾಡಿ. ಉಬ್ಬಿನ ಮೇಲ್ಮಣ್ಣನ್ನು ಮೊದಲು ಒಂದು ಪಕ್ಕಕ್ಕೆ ಎಳೆದಿಟ್ಟು, ಅಡಿಮಣ್ಣು ಸರಿ ಮಾಡಿ, ಆಮೇಲೆ ಮೇಲ್ಮಣ್ಣು ಹರಡಿ. ಇದನ್ನು ಮಾತ್ರ ತಪ್ಪಿಸಬೇಡಿ. ನಾನು ಅವಸರದಲ್ಲಿ ಎಲ್ಲ ಕಲಸಿಬಿಟ್ಟೆ. ಉಬ್ಬು ಇದ್ದ ಜಾಗದಲ್ಲಿ ಇಟ್ಟ ಸಸಿಗಳು ಇವತ್ತಿಗೂ ಪಕ್ಕದ ಸಾಲಿಗಿಂತ ಗಿಡ್ಡ, ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಸಸಿ ಇಟ್ಟ ಮೇಲೆ ಬ್ಲೇಡ್ ತೋಟದ ಒಳಗೆ ತರಬೇಡಿ. 9 ಅಡಿ ಸಾಲಿನಲ್ಲಿ 7 ಅಡಿ ಬ್ಲೇಡ್ ಅಂದರೆ ಆ ಕಡೆ ಈ ಕಡೆ ಒಂದೊಂದೇ ಅಡಿ ಉಳಿಯುತ್ತದೆ. ಬೇರು ಕಿತ್ತು ಬರುತ್ತದೆ.

ಕುಲುಮೆ ಮನೆ:

ದಾರಿಗೆ ಒಂದು ಕಿವಿಮಾತು. ಲೋಯರ್ ಲಿಂಕನ್ನು ಎತ್ತಿ ಹಿಡಿಯುವ ಬಲಗಡೆ ಲಿಫ್ಟ್ ರಾಡಿನ ಹ್ಯಾಂಡಲ್ ತಿರುಗಿಸಿ, ದಾರಿಯ ಅಂಚಿನ ಕಡೆ ಬರುವ ಬ್ಲೇಡ್ ತುದಿಯನ್ನು ಒಂದೆರಡು ಇಂಚು ತಗ್ಗಿಸಿ. ಆ ಕಡೆಯ ಮಣ್ಣು ಕೆರೆದು ನಡುವಿಗೆ ಬರುತ್ತದೆ, ದಾರಿಗೆ ಬೆನ್ನು ಬರುತ್ತದೆ, ನೀರು ಎರಡೂ ಕಡೆ ಇಳಿಯುತ್ತದೆ. ಒಂದು ಸಲಕ್ಕೆ ಒಂದು ಇಂಚಿಗಿಂತ ಜಾಸ್ತಿ ಕೆರೆಯಬೇಡಿ. ಬ್ಲೇಡಿನ ಮೇಲ್ಭಾಗವನ್ನು ಟ್ರ್ಯಾಕ್ಟರಿಗೆ ಕೂಡಿಸುವ ಟಾಪ್ ಲಿಂಕ್ ತಿರುಗಿಸಿ ನೋಡಿ: ಬ್ಲೇಡಿನ ಕೆಳ ಅಂಚು ಮುಂದಕ್ಕೆ ಚಾಚಿದ್ದರೆ ಕಚ್ಚುತ್ತದೆ, ನೆಟ್ಟಗೆ ನಿಂತಿದ್ದರೆ ಸವರಿಕೊಂಡು ಬರುತ್ತದೆ. ಮೊದಲ ಸುತ್ತಿಗೆ ಕಚ್ಚಬೇಕು, ಕೊನೆ ಸುತ್ತಿಗೆ ಸವರಬೇಕು. ಹೈಡ್ರಾಲಿಕ್ ಪೊಸಿಷನ್ ಕಂಟ್ರೋಲಲ್ಲಿ ಇರಲಿ, ಅಂದರೆ ಲಿವರ್ ಇಟ್ಟ ಎತ್ತರದಲ್ಲೇ ಬ್ಲೇಡ್ ನಿಲ್ಲುವಂತೆ. ವೇಗ ಹೆಚ್ಚಿಸಿದರೆ ಬ್ಲೇಡ್ ಕುಣಿದು ದಾರಿ ಪೂರ್ತಿ ಅಲೆ ಅಲೆ ಆಗುತ್ತದೆ.

ಮಸಾರಿ ಹೊಲ:

ಎಲ್ಲರಿಗೂ ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಳೆದೆ, 5 ಅಡಿ 7 ಇಂಚು ಬಂತು. ಹಳೇ ಬ್ಲೇಡ್ ಬಿಟ್ಟೆ, ಅದು 6 ಎಂಎಂ ಕೂಡ ಇರಲಿಲ್ಲ. 10 ಎಂಎಂ ಪ್ಲೇಟಿನ 7 ಅಡಿಯದೇ ಮಾಡಿಸಿದೆ. ಟೈರಿಗೆ ನೀರು ತುಂಬಿಸಿದೆ. ಮೊನ್ನೆ ಮಳೆ ಬಿದ್ದು ಆರಿದ ಮೇಲೆ ದಾರಿಗೆ ಇಳಿದೆ. ಓರೆ ಇಟ್ಟು ಲೋ ಗೇರಿನಲ್ಲಿ ಎಳೆದಾಗ ಮಣ್ಣು ಬ್ಲೇಡಿನ ಉದ್ದಕ್ಕೂ ಸುರುಳಿ ಸುರುಳಿಯಾಗಿ ಉರುಳಿಕೊಂಡು ನಡುವಿಗೆ ಬೀಳುವುದನ್ನು ನೋಡುತ್ತಾ ಎರಡು ಸಲ ದಾರಿಯನ್ನೇ ಮರೆತೆ. ಚಿಕ್ಕಪ್ಪನೂ ಬಂದು ನಿಂತಿದ್ದರು. ಹೊಲದಲ್ಲಿ ಪೂರ್ತಿ ನೇರ ಇಟ್ಟು ತುಂಬ ಇಳಿಸಿದಾಗ ಮಾತ್ರ ಗಾಲಿ ಸುತ್ತಿತು, ಅವರು ಹೇಳಿದ ಹಾಗೇ. ಅರ್ಧ ಎತ್ತಿದರೆ ಸರಿಹೋಗುತ್ತದೆ.

ಒಂದೇ ತೊಂದರೆ. ಬ್ಲೇಡಿನ ಪಿನ್ 22 ಎಂಎಂ, ನನ್ನ ಲೋಯರ್ ಲಿಂಕಿನ ತೂತು 28. ಲಟಪಟ ಅಂತ ಆಡುತ್ತದೆ. ಹಾಗೇ ಬಿಡಬಹುದಾ?

ಕುಲುಮೆ ಮನೆ:

ಬಿಡಬೇಡಿ ಅಣ್ಣಾ. ನಿಮ್ಮ ಬ್ಲೇಡಿಗೆ ಇರುವುದು ಕೆಟಗರಿ 1, ಅಂದರೆ ಚಿಕ್ಕ ಅಳತೆಯ ಪಿನ್, ಟ್ರ್ಯಾಕ್ಟರಿಗೆ ಇರುವುದು ಅದಕ್ಕಿಂತ ದೊಡ್ಡ ಕೆಟಗರಿ 2 ತೂತು. ಆರು ಎಂಎಂ ಆಟ ಇದ್ದರೆ ಪ್ರತಿ ಏಟೂ ಪಿನ್ನಿಗೇ ಬೀಳುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪಿನ್ನಿಗೆ ತೊಡಿಸಿ ಸಂದು ತುಂಬುವ ಬುಷ್ ಸಿಗುತ್ತದೆ, ಎರಡೂ ಕಡೆ ಹಾಕಿಸಿ. ಟಾಪ್ ಲಿಂಕಿನದೂ ನೋಡಿ, ಅಲ್ಲಿ 19 ಎಂಎಂ ಪಿನ್ನಿಗೆ 25 ಎಂಎಂ ತೂತು ಇರುತ್ತದೆ. ಲೋಯರ್ ಲಿಂಕ್ ಪಕ್ಕಕ್ಕೆ ಆಡದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡಿಕೊಳ್ಳಿ, ಇಲ್ಲದಿದ್ದರೆ ಓರೆ ಇಟ್ಟಾಗ ಬ್ಲೇಡ್ ಪಕ್ಕಕ್ಕೆ ಹೋಗಿ ಟೈರಿಗೆ ತಾಗುತ್ತದೆ.