ಪುಟ್ಟಿ, ಆ ಟೆನ್ಷನ್ ಸ್ಕ್ರೂ ಮುಟ್ಟಬೇಡ

ಪುಟ್ಟಿ, ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಅಷ್ಟುದ್ದ ಟೈಪ್ ಮಾಡೋಕೆ ನನ್ನಿಂದ ಆಗಲ್ಲ. ಬೆಳಿಗ್ಗೆ ಕಾಫಿ ಕುಡಿದು ಮೈಕ್ ಒತ್ತಿಕೊಂಡು ಹೇಳುತ್ತಾ ಹೋಗುತ್ತೇನೆ, ಅದೇ ಬರೆದುಕೊಳ್ಳಲಿ. ತಪ್ಪು ಬಿದ್ದಿದ್ದರೆ ಸರಿಯಾಗಿ ಓದಿಕೊಳ್ಳಿ. ಗ್ರೂಪಿನಲ್ಲಿ ಇರುವವರೆಲ್ಲ ಓದಿ, ಹರಿಹರದ ಚಿಕ್ಕಮ್ಮನ ಸೊಸೆಯೂ ಹೊಲಿಗೆ ಕಲಿಯುತ್ತಿದ್ದಾಳಲ್ಲ, ಅವಳಿಗೂ ಬೇಕಾಗುತ್ತದೆ.

ನೀನು ಕೇಳಿದ್ದು ಇಷ್ಟು. ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ 15,000 ರೂಪಾಯಿ ವೋಚರಿನಲ್ಲಿ ಹೊಲಿಗೆ ಮಶಿನ್ ಬಂತು, ಮೂರು ತಿಂಗಳು ಚೆನ್ನಾಗಿ ಓಡಿತು, ಸಣ್ಣ ರೀಲು ಬೇಗ ಮುಗಿಯುತ್ತದೆ ಅಂತ ದೊಡ್ಡ ಕೋನ್ ದಾರ ತಂದೆ, ಅವತ್ತಿನಿಂದ ಗೇಣು ಹೊಲಿಯುವಷ್ಟರಲ್ಲಿ ದಾರ ತುಂಡಾಗುತ್ತಿದೆ, ದಾರ ಬಿಗಿ ಹಿಡಿಯುವ ಟೆನ್ಷನ್ ಹಾಳಾಗಿರಬೇಕು, ಬಿಚ್ಚಿ ನೋಡಲಾ ದೊಡ್ಡಮ್ಮ, ಇಲ್ಲಾ ಸೋಮವಾರ ರಿಪೇರಿಯವರನ್ನು ಕರೆಸಲಾ, ಗೌರಿ ಹಬ್ಬಕ್ಕೆ ಹನ್ನೊಂದು ಬ್ಲೌಸ್ ಕೊಡಬೇಕು ಅಂತ.

ಬಿಚ್ಚಬೇಡ. ದಾರ ತುಂಡಾಯಿತು ಅಂತ ಟೆನ್ಷನ್ ಸ್ಕ್ರೂಗೆ ಕೈ ಹಾಕಬೇಡ.

ನೀನು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ರೀಲ್ ಪಿನ್ನಿಗೆ ಹಳೇ ಸ್ಕೆಚ್ ಪೆನ್ನಿನ ಕೊಳವೆ ಸಿಕ್ಕಿಸಿ, ಅದರ ಮೇಲೆ ಕೋನ್ ಕೂರಿಸಿದ್ದೀಯ. ನೋಡಿದ ಕೂಡಲೇ ನನ್ನ ಎದೆ ಧಸಕ್ ಅಂತು. ನಾನೂ ಹಾಗೇ ಮಾಡಿದ್ದೆ. ನಾನು ಸಿಕ್ಕಿಸಿದ್ದು ಸ್ವೆಟರ್ ಹೆಣೆಯುವ ಕಡ್ಡಿ, ಅಷ್ಟೇ ವ್ಯತ್ಯಾಸ.

1998ರ ಮಾಘ ಮಾಸ. ನಿಮ್ಮ ದೊಡ್ಡಪ್ಪನ ಮಿಲ್ಲು ಬಾಗಿಲು ಹಾಕಿ ವರ್ಷ ಆಗಿತ್ತು, ಬರಬೇಕಾದ ದುಡ್ಡು ಬಂದಿರಲಿಲ್ಲ. ದಾವಣಗೆರೆಯಲ್ಲಿ ಆಗ ಎಷ್ಟು ಮನೆಯಲ್ಲಿ ಇದೇ ಕಥೆ ಅಂತ ನಿಮ್ಮ ಅಪ್ಪನಿಗೆ ಗೊತ್ತು, ಕೇಳು. ನಮ್ಮ ಮನೆ ನಡೆಯುತ್ತಿದ್ದಿದ್ದು ನನ್ನ ಕರೀ ಕಾಲು ಮಶಿನ್‌ನಿಂದ. ಫಾಲ್ಸು, ಲಂಗ, ಬ್ಲೌಸು, ಸ್ಕೂಲ್ ಯೂನಿಫಾರ್ಮು, ಯಾರು ಏನು ತಂದರೂ ಇಲ್ಲ ಅನ್ನುತ್ತಿರಲಿಲ್ಲ. ಪಕ್ಕದ ಬೀದಿಯ ಮನೆಯಲ್ಲಿ ಮದುವೆ. ಹುಡುಗಿಗೆ ಧಾರೆಗೆ ಅಂತ ಮೊಳಕಾಲ್ಮೂರಿನಿಂದಲೇ ರೇಷ್ಮೆ ಸೀರೆ ತಂದಿದ್ದರು. ಅರಿಶಿನದ ಮೈ, ಕುಂಕುಮದ ಅಂಚು. ಬ್ಲೌಸ್ ಪೀಸ್ ಪೂರ್ತಿ ಕುಂಕುಮದ ಬಣ್ಣ. ಆ ಬಟ್ಟೆ ಕೈಗೆ ಹಿಡಿದರೆ ಸರಕ್ ಅಂತ ಸದ್ದು ಬರೋದು. ಇವತ್ತಿಗೂ ಕಿವಿಯಲ್ಲಿದೆ.

ಅವತ್ತೇ ನಾನು ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿದು ಕೊಡುವ ಓವರ್‌ಲಾಕ್ ಅಂಗಡಿಯಿಂದ ಕೆಂಪು ಕೋನ್ ತಂದಿದ್ದೆ. ಎರಡು ರೀಲಿನ ದುಡ್ಡಿಗೆ ಇಪ್ಪತ್ತು ರೀಲಿನಷ್ಟು ದಾರ ಅಂತ ಖುಷಿ. ಅದು ಪಿನ್ನಿಗೆ ಕೂರಲಿಲ್ಲ, ಹೆಣಿಗೆ ಕಡ್ಡಿ ಕಟ್ಟಿ ಕೂರಿಸಿದೆ. ರಾತ್ರಿ ಊಟ ಮುಗಿಸಿ ಕೂತೆ. ಬೆಳಿಗ್ಗೆ ಆರೂವರೆಗೆ ಮುಹೂರ್ತ. ಒಂದು ತೋಳು ಅರ್ಧ ಆಗಲಿಲ್ಲ, ಟಪ್ ಅಂತ ದಾರ ಹೋಯಿತು. ಪೋಣಿಸಿದೆ. ಮತ್ತೆ ಟಪ್. ಸ್ಕ್ರೂ ಒಂದು ಸುತ್ತು ಸಡಿಲ ಮಾಡಿದೆ, ಕೆಳಗಡೆ ದಾರ ಗೊಂಚಲು ಗೊಂಚಲಾಗಿ ಕೂತಿತು. ಬಿಗಿ ಮಾಡಿದೆ, ಹೊಲಿಗೆ ಸುಕ್ಕು ಹಿಡಿಯಿತು, ಮತ್ತೆ ತುಂಡಾಯಿತು. ಹನ್ನೆರಡು ಗಂಟೆ ಆಗಿತ್ತು. ಟೆನ್ಷನ್ ಪೂರ್ತಿ ಬಿಚ್ಚಿ ಒರೆಸಿ ಹಾಕಿದರೆ ಸರಿ ಹೋಗುತ್ತದೆ ಅಂತ ಬಿಚ್ಚಿದೆ. ನಟ್ಟು ಬಂತು, ದಪ್ಪ ಸ್ಪ್ರಿಂಗು ಬಂತು, ಎರಡು ಬಿಲ್ಲೆ ಬಂದವು. ಹಿಂದೆ ಒಂದು ಕೂದಲಿನಂಥ ತಂತಿ ಸ್ಪ್ರಿಂಗ್ ಇರುತ್ತದೆ ನೋಡು, ಪ್ರತಿ ಹೊಲಿಗೆಗೂ ದಾರ ಎತ್ತಿ ಹಿಡಿಯುತ್ತದಲ್ಲ, ಅದರ ಕೊಂಡಿ ನನ್ನ ಕೈಯಲ್ಲೇ ಬಗ್ಗಿ ಹೋಯಿತು. ಮೊದಲಿನ ಹಾಗೆ ಕೂರಲೇ ಇಲ್ಲ.

ಹೇಗೋ ಜೋಡಿಸಿ ಶುರು ಮಾಡಿದೆ. ಕುತ್ತಿಗೆ ಪಟ್ಟಿ ಹೊಲಿಯುತ್ತಿದ್ದೆ. ಬೇಗ ಮುಗಿಸಬೇಕು ಅಂತ ಕಾಲು ಜೋರಾಗಿ ಒತ್ತಿದೆ. ಕೋನ್ ಗಿರ್ರನೆ ತಿರುಗಿತು, ನಾನು ಕಾಲು ನಿಲ್ಲಿಸಿದೆ, ಅದು ನಿಲ್ಲಲಿಲ್ಲ. ದಾರ ಸಡಿಲ ಆಗಿ ಕೆಳಗೆ ಜಾರಿ ಪಿನ್ನಿಗೆ ಸುತ್ತಿಕೊಂಡಿತು. ನನಗೆ ಕಾಣಲಿಲ್ಲ, ನನ್ನ ಕಣ್ಣು ಸೂಜಿ ಮೇಲೆ. ಮತ್ತೆ ಒತ್ತಿದೆ ನೋಡು, ದಾರ ತುಂಡಾಗಲಿಲ್ಲ, ಸೂಜಿಯನ್ನೇ ಪಕ್ಕಕ್ಕೆ ಎಳೆಯಿತು. ಸೂಜಿ ಪ್ಲೇಟಿಗೆ ಹೊಡೆದು ಮುರಿಯಿತು. ಮುರಿದ ತುದಿ ಹಾರಿ ನನ್ನ ಕಣ್ಣಿನ ಕೆಳಗೆ, ಇಲ್ಲಿ, ಕೆನ್ನೆ ಮೂಳೆ ಮೇಲೆ ಬಡಿಯಿತು. ಅರ್ಧ ಇಂಚು ಮೇಲೆ ಬಿದ್ದಿದ್ದರೆ ಕಣ್ಣು ಹೋಗಿರೋದು. ಉಳಿದ ಮೊಂಡು ಸೂಜಿ ಇನ್ನೊಂದು ಸಲ ಇಳಿದು ಬಟ್ಟೆಗೆ ತೂತು ಮಾಡಿತು. ಎದುರಿಗೇ, ಕುತ್ತಿಗೆಯ ಹತ್ತಿರ, ಕಡಲೆಬೇಳೆಯಷ್ಟು ಅಗಲ.

ಹತ್ತಿ ಬಟ್ಟೆಯಾದರೆ ಏನೋ ಉಜ್ಜಿ ಮುಚ್ಚಬಹುದು. ರೇಷ್ಮೆಯ ಎಳೆ ಕತ್ತರಿಸಿದರೆ ಮುಗಿಯಿತು, ಅದು ಮತ್ತೆ ಕೂಡಲ್ಲ. ಅಂಚಿನ ಚೂರು ಇಟ್ಟು ಕೈಯಲ್ಲಿ ಒಂದು ಹೂವು ಕೂರಿಸಿ ಬೆಳಗಿನ ಜಾವ ನಾಲ್ಕೂವರೆಗೆ ಕೊಟ್ಟೆ. ಹುಡುಗಿಯ ಅಮ್ಮ ಹೂವನ್ನು ಬೆರಳಿನಿಂದ ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತೂ ಆಡಲಿಲ್ಲ. ಹೊಲಿಗೆ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಮದುವೆಗೂ ಹೋಗಲಿಲ್ಲ. ಹೋಗೋಕೆ ಮುಖ ಇರಲಿಲ್ಲ.

ಮಾರನೇ ದಿನ ಮಂಡಿಪೇಟೆಯಲ್ಲಿ ಕೋಟು ಹೊಲಿಯುತ್ತಿದ್ದ ಮಾಸ್ಟರ್ ಒಬ್ಬರನ್ನು ನಿಮ್ಮ ದೊಡ್ಡಪ್ಪ ಕರೆದುಕೊಂಡು ಬಂದರು. ಅವರು ಸ್ಕ್ರೂಡ್ರೈವರ್ ಚೀಲದಿಂದ ತೆಗೆಯಲೇ ಇಲ್ಲ, ಐದು ನಿಮಿಷದಲ್ಲಿ ರೋಗ ಎಲ್ಲಿದೆ ಅಂತ ತೋರಿಸಿದರು. ತಂತಿ ಸ್ಪ್ರಿಂಗ್ ಬದಲಾಯಿಸೋಕೆ ಮಾತ್ರ ಆಮೇಲೆ ದುಡ್ಡು ಆಯಿತು, ಅದು ನಾನೇ ಮಾಡಿಕೊಂಡ ಖರ್ಚು. ಅದಕ್ಕೇ ಹೇಳುತ್ತೇನೆ ಪುಟ್ಟಿ, ಇನ್ನೊಂದು ಸಲ ಹೇಳುತ್ತೇನೆ, ದಾರ ತುಂಡಾಯಿತು ಅಂತ ಟೆನ್ಷನ್ ಸ್ಕ್ರೂಗೆ ಕೈ ಹಾಕಬೇಡ. ಕಾಯಿಲೆ ಅಲ್ಲಿಲ್ಲ.

ಆ ಮಶಿನ್ ಈಗ ನನ್ನ ಹತ್ತಿರ ಇಲ್ಲ ಅಂತ ಎಲ್ಲರಿಗೂ ಗೊತ್ತು. ಯಾಕೆ ಇಲ್ಲ ಅಂತಲೂ ಗೊತ್ತು, ಯಾರೂ ಬಾಯಿ ಬಿಡಲ್ಲ. 2006ರಲ್ಲಿ ಮನೆ ಪಾಲಾದಾಗ ಹಂಡೆ, ಮಂಚ, ಗೋದ್ರೇಜ್ ಬೀರು ಜೊತೆಗೆ ನನ್ನ ಮಶಿನ್ನೂ ಮನೆ ಸಾಮಾನು ಅಂತ ಚೀಟಿಯಲ್ಲಿ ಬರೆದರು. ಯಾರು ಬರೆದರು ಅಂತ ಹೆಸರು ಹೇಳಲ್ಲ, ದೊಡ್ಡವರು ಈಗ ಇಲ್ಲ. ಆದರೆ ಅದು ಮನೆ ಸಾಮಾನು ಹೇಗಾಯಿತು? ನಾನು ಹದಿನೆಂಟು ತಿಂಗಳು ಚೀಟಿ ಕಟ್ಟಿ, ಚೀಟಿ ಎತ್ತಿದ ದುಡ್ಡಿನಲ್ಲಿ ತಂದಿದ್ದು. ಮಿಲ್ಲು ನಿಂತ ಮೇಲೆ ಆ ಮನೆಯ ಅಕ್ಕಿ ಬೇಳೆ ಬಂದಿದ್ದು ಅದರಿಂದ. ಮನೆಯವರ ಬ್ಲೌಸು, ಮಕ್ಕಳ ಚಡ್ಡಿ, ದೇವರ ಕೋಣೆ ಪರದೆ, ಯಾವುದಕ್ಕೂ ನಾನು ಒಂದು ರೂಪಾಯಿ ಕೇಳಿದವಳಲ್ಲ. ನಿನಗೇನು ಹತ್ತು ನಿಮಿಷದ ಕೆಲಸ ಅಂತ ಹಬ್ಬದ ಹಿಂದಿನ ದಿನ ತಂದು ಹಾಕುತ್ತಿದ್ದರು. ಹತ್ತು ನಿಮಿಷ ಅಂತೆ. ಕತ್ತರಿಸೋದು ಯಾರು, ಕೊಕ್ಕೆ ಹಾಕೋದು ಯಾರು, ಮಧ್ಯರಾತ್ರಿ ಸೊಂಟ ಹಿಡಿದಾಗ ಎಣ್ಣೆ ಹಚ್ಚಿದವರು ಯಾರು? ಪಾಲಿನ ದಿನ ಒಬ್ಬರೂ, ಅದು ಅವಳದ್ದು, ಅವಳಿಗೇ ಇರಲಿ ಅನ್ನಲಿಲ್ಲ. ಮಶಿನ್ ಲಾರಿ ಹತ್ತುವಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಅದು ಪಾಲಿಗೆ ತೆಗೆದುಕೊಂಡು ಹೋದವರ ಮನೆಯಲ್ಲಿ ಎರಡು ವರ್ಷ ಟಿವಿ ಇಡುವ ಮೇಜಾಗಿ ಇತ್ತು, ಆಮೇಲೆ ಗುಜರಿಗೆ ಹೋಯಿತು ಅಂತ ಕೇಳಿದೆ. ನೋಡು, ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಪುಟ್ಟಿ, ನಿನ್ನ ಮಶಿನ್ನಿನ ರಸೀದಿ, ವೋಚರ್ ಕಾಗದ, ಎಲ್ಲ ನಿನ್ನ ಹೆಸರಿನಲ್ಲಿ ಇದೆ ಅಲ್ವಾ? ಜೋಪಾನ ಮಾಡು. ಮನೆಯವರಿಗೆ ಹೊಲಿದರೂ ದಾರದ ದುಡ್ಡಾದರೂ ತೆಗೆದುಕೋ, ಸಂಕೋಚ ಬೇಡ.

ಅಯ್ಯೋ, ಮಾಸ್ಟರ್ ಏನು ಮಾಡಿದರು ಅಂತ ಹೇಳಲೇ ಇಲ್ಲ ಅಲ್ವಾ. ನೀನು ಕಾಯುತ್ತಿರುತ್ತೀಯ.

ಅವರು ಕೋನನ್ನು ಪಿನ್ನಿಂದ ತೆಗೆದು ಮಶಿನ್ ಹಿಂದೆ ನೆಲದ ಮೇಲೆ ನಿಲ್ಲಿಸಿದರು. ಕೈಯಿಂದ ಎರಡು ಮಾರು ದಾರ ಎಳೆದು ಹಲಗೆ ಮೇಲೆ ಸಡಿಲವಾಗಿ ಬಿಟ್ಟರು. ಹಳೇ ಬಟ್ಟೆ ಇಟ್ಟು, ಆ ಸಡಿಲ ದಾರ ಮುಗಿಯುವವರೆಗೂ ಹೊಲಿ ಅಂದರು. ಹೊಲಿದೆ. ಒಂದು ಸಲವೂ ತುಂಡಾಗಲಿಲ್ಲ, ಬಗ್ಗಿದ ಸ್ಪ್ರಿಂಗ್ ಇದ್ದೂ ತುಂಡಾಗಲಿಲ್ಲ. ಮಶಿನ್ ಸರಿ ಇದೆ ತಾಯಿ, ದಾರ ಬರುವ ದಾರಿ ಸರಿ ಇಲ್ಲ ಅಂದರು. ನೀನೂ ಇವತ್ತೇ ಇದನ್ನು ಮಾಡಿ ನೋಡು. ಸಡಿಲ ದಾರದಲ್ಲಿ ಚೆನ್ನಾಗಿ ಹೊಲಿದರೆ ರಿಪೇರಿಯವರಿಗೆ ಬರಬೇಡಿ ಅಂತ ಹೇಳಿಬಿಡು. ಹಾಗೂ ತುಂಡಾದರೆ ಆಗ ಸೂಜಿ, ಪೋಣಿಸಿದ್ದು, ಟೆನ್ಷನ್ ಅಂತ ನೋಡೋಣ. ನಿನ್ನೆಯಿಂದ ದಾರ ಎಳೆದೂ ಎಳೆದೂ ಸೂಜಿ ಬಗ್ಗಿರಬಹುದು, ಹೊಸದು ಹಾಕು. ಬ್ಲೌಸಿಗೆ 14 ನಂಬರ್, ತೆಳು ರೇಷ್ಮೆಗೆ 11. ಪೋಣಿಸುವಾಗ ಬಟ್ಟೆ ಒತ್ತಿ ಹಿಡಿಯುವ ಫುಟ್ ಮೇಲೆ ಎತ್ತಿರಬೇಕು, ಆಗಲೇ ಬಿಲ್ಲೆಗಳು ಬಿಟ್ಟುಕೊಂಡು ದಾರ ನಡುವೆ ಕೂರೋದು. ಟೆನ್ಷನ್ ಡಯಲ್ ಆಗಲೇ ತಿರುಗಿಸಿಬಿಟ್ಟಿದ್ದರೆ, ಅಂಕಿ ಇದ್ದರೆ 4ರ ಹತ್ತಿರ ತಂದು ನಿಲ್ಲಿಸು.

ಕಾರಣ ಕೇಳು. ಸಣ್ಣ ರೀಲು ಹಗುರ. ಪ್ರತಿ ಹೊಲಿಗೆಗೂ ಸೂಜಿಯ ಮೇಲ್ಗಡೆ ದಾರ ಎತ್ತುವ ಲಿವರ್ ಮೇಲೆ ಹೋಗಿ ಒಂದು ಚೂರು ದಾರ ಎಳೆಯುತ್ತದೆ, ರೀಲು ಒಂದು ಚೂರು ತಿರುಗಿ ಕೊಡುತ್ತದೆ. ಕೋನ್ ಭಾರ. ಅದನ್ನು ಪ್ರತಿ ಹೊಲಿಗೆಗೂ ಎಬ್ಬಿಸಬೇಕು ಅಂದರೆ ದಾರಕ್ಕೆ ಜಗ್ಗಾಟ. ಎದ್ದ ಮೇಲೆ ನಿಲ್ಲಲ್ಲ, ಸಡಿಲ ಬಿಡುತ್ತದೆ. ಕೋನ್ ತಿರುಗೋಕೆ ಮಾಡಿದ್ದೇ ಅಲ್ಲ. ಅದು ಕದಲದೆ ಕೂತಿರಬೇಕು, ದಾರ ಮಾತ್ರ ತುದಿಯ ಮೇಲಿಂದ ಸುತ್ತು ಬಿಚ್ಚಿಕೊಂಡು ನೆಟ್ಟಗೆ ಮೇಲಕ್ಕೆ ಹೋಗಬೇಕು. ಅದಕ್ಕೇ ಮೇಲೆ ಸಣ್ಣ ಕೆಳಗೆ ದಪ್ಪ ಇರೋದು.

ಅದಕ್ಕೆ ಬೇಕಾಗಿದ್ದು ದಾರದ ಸ್ಟ್ಯಾಂಡ್. ಬೇರೇನಿಲ್ಲ, ಕೆಳಗೆ ಭಾರದ ತಟ್ಟೆ, ಕೋನ್ ನಿಲ್ಲೋಕೆ ಒಂದು ಗೂಟ, ಪಕ್ಕದಲ್ಲಿ ಉದ್ದ ಕಂಬಿ, ಕಂಬಿಯ ತುದಿಯಲ್ಲಿ ಒಂದು ಕೊಕ್ಕೆ. ಕೊಕ್ಕೆ ಕೋನಿನ ನೆತ್ತಿಗೆ ಸರಿಯಾಗಿ ನೇರ ಇರಬೇಕು, ಪಕ್ಕಕ್ಕೆ ವಾಲಿದ್ದರೆ ದಾರ ಅಂಚಿಗೆ ಉಜ್ಜುತ್ತದೆ. ಎತ್ತರ ಕೋನಿನ ಎರಡೂವರೆ ಪಟ್ಟು ಇದ್ದರೆ ಒಳ್ಳೆಯದು ಅಂತ ಮಾಸ್ಟರ್ ಗೇಣು ಹಾಕಿ ತೋರಿಸಿದ್ದರು. ಸ್ಟ್ಯಾಂಡನ್ನು ಮಶಿನ್ ಹಿಂದೆ ಇಡು. ದಾರ ಕೊಕ್ಕೆಯಿಂದ ಇಳಿದು ಮಶಿನ್ನಿನ ಮೊದಲನೇ ಕೊಂಡಿಗೆ ಬರಲಿ, ಆಮೇಲೆ ಎಂದಿನ ಹಾಗೆ ಪೋಣಿಸು. ಕೋನ್ ಕೆಳಗೆ ಒಂದು ಚೂರು ಸ್ಪಂಜು ಹಾಕು, ಅಲ್ಲಾಡಲ್ಲ, ಜಾರಿದ ದಾರ ಅಡಿಗೂ ಸೇರಲ್ಲ.

ಜರಿ ದಾರಕ್ಕೆ ಮಾತ್ರ ಹೀಗೆ ಮಾಡಬೇಡ. ಮೇಲಿಂದ ಎಳೆದರೆ ಸುತ್ತು ಸುತ್ತಿಗೂ ಒಂದು ತಿರುಚು ಬಿದ್ದು ಮುರಿಯುತ್ತದೆ, ಅದರ ರೀಲು ಪಿನ್ನಿನ ಮೇಲೆ ತಿರುಗುತ್ತಲೇ ಬರಲಿ. ಸಣ್ಣ ಪ್ಲಾಸ್ಟಿಕ್ ರೀಲಿನ ಅಂಚಿನಲ್ಲಿ ದಾರದ ತುದಿ ಸಿಕ್ಕಿಸೋಕೆ ಒಂದು ಕಚ್ಚು ಇರುತ್ತದೆ ನೋಡು, ಅದನ್ನು ಕೆಳಗೆ ಮಾಡಿ ಹಾಕು. ಮೇಲಿದ್ದರೆ ದಾರ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಹಬ್ಬದ ಕೆಲಸ ನಿಲ್ಲಿಸಬೇಡ. ಸ್ಟ್ಯಾಂಡ್ ಕೈಗೆ ಬರುವವರೆಗೆ ಅಗಲ ಬಾಯಿಯ ಸ್ಟೀಲ್ ಲೋಟದಲ್ಲಿ ಕೋನ್ ನಿಲ್ಲಿಸಿ ಮಶಿನ್ ಹಿಂದೆ ಇಡು. ಅದರ ನೆತ್ತಿಗೆ ನೇರವಾಗಿ, ಗೋಡೆಯ ಮೊಳೆಗೋ ಕಿಟಕಿ ಸರಳಿಗೋ ಒಂದು ಸೇಫ್ಟಿ ಪಿನ್ ಕಟ್ಟಿ, ಪಿನ್ನಿನ ಸಣ್ಣ ಉಂಗುರದಲ್ಲಿ ದಾರ ತೂರಿಸು. ನಾನು ಎರಡು ತಿಂಗಳು ಹಾಗೇ ಹೊಲಿದೆ.

ನನ್ನ ಸ್ಟ್ಯಾಂಡ್ ಇನ್ನೂ ಇದೆ ಪುಟ್ಟಿ. ಪಾಲಿನ ದಿನ ಅದು ಬಾಗಿಲ ಹಿಂದೆ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ, ಚೀಟಿಗೂ ಸೇರಲಿಲ್ಲ. ಅಟ್ಟದಿಂದ ನಿನ್ನೆ ರಾತ್ರಿಯೇ ಇಳಿಸಿ ಒರೆಸಿ ಇಟ್ಟಿದ್ದೇನೆ. ತಟ್ಟೆ ಸ್ವಲ್ಪ ತುಕ್ಕು ಹಿಡಿದಿದೆ, ಕೊಕ್ಕೆ ಚೆನ್ನಾಗಿದೆ. ಬೆರಳಾಡಿಸಿ ನೋಡಿದೆ, ಎಲ್ಲೂ ತರಿ ಇಲ್ಲ. ಭಾನುವಾರ ಶಿವಮೊಗ್ಗದ ಭಾವ ನಿಮ್ಮ ಕಡೆ ಬರುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ. ಭಾವ, ಓದುತ್ತಿದ್ದೀರಲ್ಲ, ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗಿ, ಬಸ್ಸಿನಲ್ಲಿ ಕಂಬಿ ಬಗ್ಗದ ಹಾಗೆ ತೊಡೆ ಮೇಲೇ ಇಟ್ಟುಕೊಳ್ಳಿ. ಪುಟ್ಟಿ, ನಿನ್ನ ಕೋನಿನ ಬುಡ ಎಷ್ಟು ಅಗಲ ಇದೆ ಅಂತ ಟೇಪು ಹಿಡಿದು ನೋಡಿ ಇವತ್ತೇ ಹಾಕು, ಸ್ಪಂಜು ಕತ್ತರಿಸಿ ಜೊತೆಗೇ ಕಳಿಸುತ್ತೇನೆ.